ಬಿಡುವ ಉಸಿರಿಗೂ ಒಂದು ದಾರಿ

ಎಂಜಿನ್ನು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ ಎಂಬುದನ್ನು ಬಲ್ಲವರು ಅನೇಕರಿದ್ದಾರೆ. ಹೊಗೆಯ ಕೊಳವೆಯೊಂದೇ ಅಲ್ಲದೆ ಮತ್ತೊಂದು ಸಣ್ಣ ದಾರಿಯಿಂದಲೂ ಅದು ಉಸಿರು ಬಿಡುತ್ತದೆ ಎಂಬುದನ್ನು ಗಮನಿಸಿದವರು ವಿರಳ. ತಾಳವಾಡಿ ಕಡೆಯ ನಮ್ಮ ತೋಟದಲ್ಲಿ ಹಿಂದೆ ನೀರೆತ್ತಲು ಒಂದು ಡೀಸೆಲ್ ಎಂಜಿನ್ನಿತ್ತು. ಅದರ ಪಕ್ಕದ ಮುಚ್ಚಳದಲ್ಲಿದ್ದ ಪುಟ್ಟ ಬಿಲ್ಲೆಯೊಂದು ಎಂಜಿನ್ನು ನಡೆಯುವಷ್ಟು ಹೊತ್ತೂ ಟಪಟಪನೆ ಮಿಡಿಯುತ್ತಿತ್ತು. “ಅದರ ಬಾಯಿ ಕಟ್ಟಬೇಡ, ಕಟ್ಟಿದರೆ ಎಂಜಿನ್ನು ಎಣ್ಣೆ ಕಕ್ಕುತ್ತದೆ” ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಆ ಮಾತಿನ ಬೆಲೆ ನನಗೆ ಚೆನ್ನಾಗಿ ಮನದಟ್ಟಾದದ್ದು ಕಳೆದ ವರ್ಷ, ಅಕ್ಕನ ಮಗನ ಬುಲೆಟ್ಟಿನ ದೆಸೆಯಿಂದ.

ಅವನದು 346 ಸಿ.ಸಿ.ಯ ಬುಲೆಟ್, ಕಾರ್ಬುರೇಟರ್ ಇರುವ ಗಾಡಿ. ಪಟ್ಟಣದ ಅಂಗಡಿಯೊಂದರಲ್ಲಿ ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ಬಿಚ್ಚಿಸಿ, ಅದರ ಸ್ಥಾನದಲ್ಲಿ ಶಂಖದಾಕಾರದ ಹೊಸ ಫಿಲ್ಟರೊಂದನ್ನು ಹಾಕಿಸಿಕೊಂಡು ಬಂದಿದ್ದನು. ಎಂಜಿನ್ನಿನಿಂದ ಹಳೆಯ ಡಬ್ಬಿಗೆ ಸೇರುತ್ತಿದ್ದ ಬೆರಳು ಗಾತ್ರದ ರಬ್ಬರ್ ಪೈಪಿಗೆ ಹೊಸ ಫಿಲ್ಟರಿನಲ್ಲಿ ಸ್ಥಳವಿರಲಿಲ್ಲ. ಅಂಗಡಿಯವರು ಅದರ ತುದಿಗೆ ಒಂದು ಬೋಲ್ಟನ್ನು ತುರುಕಿ ಕ್ಲಿಪ್ಪು ಬಿಗಿದಿದ್ದರು. “ಅದು ಬೇಡದ ಪೈಪಂತೆ ಮಾವಾ” ಎಂದನು ಹುಡುಗ.

ಆ ಪೈಪೇ ಬ್ರೀದರ್, ಅಂದರೆ ಎಂಜಿನ್ನಿನ ಉಸಿರುಕೊಳವೆ. ಪಿಸ್ಟನ್ನು ಕೆಳಗಿಳಿದಾಗಲೆಲ್ಲ ಅದರ ಅಡಿಯಲ್ಲಿರುವ ಕ್ರ್ಯಾಂಕ್ ಕೇಸಿನ ಗಾಳಿಯನ್ನು ಒತ್ತುತ್ತದೆ. ಇಂತಹ ಒಂಟಿ ಸಿಲಿಂಡರಿನ ಗಾಡಿಯಲ್ಲಿ ಆ ಒತ್ತು ಪ್ರತಿ ಇಳಿತಕ್ಕೂ ಸುಮಾರು ಮೂರನೆಯ ಒಂದು ಲೀಟರಿನಷ್ಟು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ. ಇದರ ಜೊತೆಗೆ, ಉರಿದ ಅನಿಲದ ಸ್ವಲ್ಪ ಅಂಶವು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಕ್ಕೆ ನುಸುಳುತ್ತದೆ. ಉರಿಯದ ಪೆಟ್ರೋಲಿನ ಆವಿ, ನೀರಿನ ಆವಿ, ಎಣ್ಣೆಯ ತುಂತುರು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಇವು ಹೊರಬೀಳಲು ದಾರಿಯಿಲ್ಲವಾದರೆ ದುರ್ಬಲವಾದ ಸ್ಥಳವನ್ನು ತಾವೇ ಹುಡುಕಿಕೊಳ್ಳುತ್ತವೆ. ಕುಕ್ಕರಿನ ಆವಿಕಂಡಿ ಕಟ್ಟಿಕೊಂಡರೆ ಆಗುವುದೇನೆಂಬುದನ್ನು ನಮ್ಮ ಸೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬುಲೆಟ್ಟಿನಲ್ಲಿಯೂ ಹಾಗೆಯೇ ಆಯಿತು. ಮೂರು ವಾರ ಕಳೆಯುವುದರೊಳಗೆ ಆಯಿಲ್ ಸೀಲಿನ ಬಳಿ, ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಎಣ್ಣೆ ಜಿನುಗತೊಡಗಿತು. ಗಾಡಿ ನಿಂತಲ್ಲೆಲ್ಲ ನೆಲದ ಮೇಲೆ ಕಪ್ಪು ಕಲೆ. ಕಾರಣವನ್ನು ನಾನು ತಿಳಿಸಿದ ಮೇಲೆ ಹುಡುಗ ಬೋಲ್ಟನ್ನು ಕಿತ್ತು, ಪೈಪನ್ನು ಹಾಗೆಯೇ ಕೆಳಕ್ಕೆ ಇಳಿಬಿಟ್ಟನು. ಸೋರಿಕೆ ಕಡಿಮೆಯಾದದ್ದರಿಂದ ಕೆಲಸ ಮುಗಿಯಿತೆಂದು ಅವನ ಭಾವನೆ.

ಆ ವಾರವೇ ಅಕ್ಕನಿಗೆ ಬಣ್ಣಾರಿ ಅಮ್ಮನ ದರ್ಶನಕ್ಕೆ ಹೋಗಬೇಕೆಂಬ ಬಯಕೆ. ಮಗನ ಹಿಂದೆ ಕುಳಿತು ಹೋಗುವುದೆಂದು ನಿಶ್ಚಯವಾಗಿತ್ತು. ನಮ್ಮ ಕಡೆಯಿಂದ ಬಣ್ಣಾರಿಗೆ ಹೋಗುವುದೆಂದರೆ ದಿಂಬಂ ಘಟ್ಟವನ್ನು ಇಳಿಯುವುದು. 27 ಹೇರ್‌ಪಿನ್ ತಿರುವುಗಳು. ಹೊರಡುವ ಮುನ್ನ ಗಾಡಿಯನ್ನು ಒಮ್ಮೆ ತೋರಿಸೋಣವೆಂದು ನಮ್ಮೂರ ಮೆಕ್ಯಾನಿಕ್ಕಿನ ಬಳಿಗೆ ಕರೆದೊಯ್ದೆನು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ ಆಡುವ ಆತ ಎಂಜಿನ್ನನ್ನು ನೋಡಲೇ ಇಲ್ಲ. ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಟೈರಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಹುಡುಗನ ಮುಂದೆ ಹಿಡಿದನು. ಬೆರಳಿಗೆ ಎಣ್ಣೆ ಹತ್ತಿತ್ತು. “ತಮ್ಮಾ, ಅಮ್ಮನನ್ನು ಕೂರಿಸಿಕೊಂಡು ಈ ಟೈರಿನಲ್ಲಿ ತಿರುವು ಇಳಿಯುತ್ತೀಯಾ?” ಎಂದಷ್ಟೇ ಕೇಳಿದನು. ಹುಡುಗನ ಮುಖ ಬಿಳಿಚಿತು. ಅಕ್ಕ ಆ ವಾರ ಬಸ್ಸಿನಲ್ಲಿಯೇ ಹೋಗಿ ಬಂದಳು.

ಆ ಮೇಲೆ ಆತ ಮಾಡಿಕೊಟ್ಟ ಏರ್ಪಾಡನ್ನು, ಮನೆಯಲ್ಲಿ ಇಂತಹ ಹುಮ್ಮಸ್ಸಿನ ತರುಣರಿರುವ ಎಲ್ಲರೂ ತಿಳಿದಿರುವುದು ಒಳ್ಳೆಯದು. ಎಂಜಿನ್ನಿನಿಂದ ಬರುವ ಪೈಪನ್ನು ಮೇಲ್ಮುಖವಾಗಿ ಒಯ್ದು, ಎಣ್ಣೆ ಹಿಡಿಯುವ ಒಂದು ಸಣ್ಣ ಡಬ್ಬಿಗೆ ಜೋಡಿಸಿದನು. ಎಣ್ಣೆಯೂ ನೀರೂ ಅದರ ತಳದಲ್ಲಿ ನಿಲ್ಲುತ್ತವೆ. ಡಬ್ಬಿಯ ಮೇಲ್ಭಾಗದಿಂದ ಇನ್ನೊಂದು ಪೈಪು ಹೊರಟು, ಹೊಸ ಫಿಲ್ಟರಿಗೂ ಕಾರ್ಬುರೇಟರಿಗೂ ನಡುವಣ ಗಾಳಿದಾರಿಯನ್ನು ಸೇರುತ್ತದೆ. ಉಳಿದ ಆವಿ ಎಂಜಿನ್ನಿನೊಳಗೇ ಉರಿದುಹೋಗುತ್ತದೆ. ಪೈಪು ಎಣ್ಣೆಯನ್ನೂ ಕಾವನ್ನೂ ತಾಳುವ ರಬ್ಬರಿನದಾಗಿರಬೇಕು. ಒಳಗಿನ ಅಗಲ ಮೊದಲಿನದಕ್ಕಿಂತ ಕಿರಿದಾಗಬಾರದು. ಎಲ್ಲಿಯೂ ಮಡಿಕೆ ಬೀಳಬಾರದು; ನಡುವೆ ಜೋಲುಬಿದ್ದರೆ ಅಲ್ಲಿ ನೀರು ನಿಂತು ದಾರಿ ಕಟ್ಟುತ್ತದೆ. ಸೈಲೆನ್ಸರಿನ ಕೊಳವೆಗೆ ತಾಗಬಾರದು. ಡಬ್ಬಿಯನ್ನು ಆಗಾಗ ಬಿಚ್ಚಿ ಚೆಲ್ಲಬೇಕು. ಮಂಜು ಬೀಳುವ ತಿಂಗಳುಗಳಲ್ಲಿ ಅದರೊಳಗೆ ಮಜ್ಜಿಗೆಯಂತಹ ಬಿಳಿಯ ದ್ರವ ಕಂಡರೆ ಗಾಬರಿಯಾಗಬೇಕಿಲ್ಲ. ಗಾಡಿ ಬಿಸಿಯೇರುವ ಮೊದಲೇ ನಿಲ್ಲಿಸುವ ಸಣ್ಣ ಓಡಾಟಗಳಲ್ಲಿ ನೀರಾವಿ ಎಣ್ಣೆಯೊಡನೆ ಕಲೆತು ಹಾಗಾಗುತ್ತದೆ.

ಕೆಲವರು ಪೈಪಿನ ತುದಿಗೆ ಪುಟ್ಟ ಫಿಲ್ಟರೊಂದನ್ನು ಸಿಕ್ಕಿಸಿ ಬಿಡುತ್ತಾರೆ. ಧೂಳು ಒಳಹೋಗದಿರಲು ಅದು ಸಾಕು; ಆದರೆ ಎಣ್ಣೆಯ ಪಸೆಯೂ ವಾಸನೆಯೂ ಹೊರಗೇ ಬರುತ್ತವೆ. ಆ ಆವಿಯನ್ನು ನಾವೂ ನಮ್ಮ ಮಕ್ಕಳೂ ಉಸಿರಾಡಬೇಕಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಗರಗಳ ಹೊಗೆಮಂಜಿಗೆ ಇದೂ ಒಂದು ಕಾರಣವೆಂದು ಕಂಡುಕೊಂಡು, 1961ರ ಮಾದರಿಯ ಹೊಸ ಕಾರುಗಳಿಂದಲೇ ಇದನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆಯನ್ನು ತಂದರು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 6 ನಿಯಮಕ್ಕೆ ಒಳಪಟ್ಟು ಬಂದ ಗಾಡಿಗಳಲ್ಲಂತೂ ಈ ಪೈಪುಗಳಿಗೆ ಕೈಹಾಕದಿರುವುದೇ ಲೇಸು.

ಫಿಲ್ಟರ್ ಬದಲಿಸಲೇಬೇಕೆಂಬವರು ನೆನಪಿಡಬೇಕಾದ ಸೂತ್ರ ಇಷ್ಟೇ: ಎಂಜಿನ್ನಿನ ಕಡೆಯ ಬಾಯನ್ನು ಎಂದೂ ಮುಚ್ಚಬಾರದು, ಗಾಳಿದಾರಿಯ ಕಡೆಯ ಬಾಯನ್ನು ಎಂದೂ ಬರಿದೆ ತೆರೆದಿಡಬಾರದು. ಎರಡನೆಯದು ತೆರೆದಿದ್ದರೆ ಫಿಲ್ಟರನ್ನು ದಾಟದೆಯೇ ಧೂಳು ಸಿಲಿಂಡರನ್ನು ಸೇರಿ, ಪಿಸ್ಟನ್ನನ್ನೂ ರಿಂಗುಗಳನ್ನೂ ಸವೆಸುತ್ತದೆ. ಗಾಳಿ ಹೆಚ್ಚು ಸಲೀಸಾಗಿ ನುಗ್ಗುವುದರಿಂದ ಕಾರ್ಬುರೇಟರಿನ ಜೆಟ್ಟನ್ನೂ ಪರೀಕ್ಷಿಸಿಕೊಳ್ಳಬೇಕು.

ಹೊಸದನ್ನು ಜೋಡಿಸುವ ಉತ್ಸಾಹ ತಾರುಣ್ಯಕ್ಕೆ ಸಹಜವಾದದ್ದು. ಅದನ್ನು ತಡೆಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಹಳೆಯದನ್ನು ಬಿಚ್ಚಿದಾಗ ಕೈಯಲ್ಲಿ ಉಳಿದದ್ದನ್ನು ‘ಬೇಡದ್ದು’ ಎನ್ನುವ ಮೊದಲು ಅದು ಯಾವ ಕೆಲಸಕ್ಕಿತ್ತೆಂದು ವಿಚಾರಿಸಿ ತಿಳಿಯುವ ತಾಳ್ಮೆಯನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಹಿಂದೆ ಕುಳಿತು ಬರುವವರ ಜೀವ ಎಷ್ಟೋ ವೇಳೆ ಆ ತಾಳ್ಮೆಯನ್ನೇ ನೆಚ್ಚಿಕೊಂಡಿರುತ್ತದೆ.