ಬಾಸೆಲ್ ಪಟ್ಟಣದ ಮೂಢರ ಹಡಗು

ಸ್ವಿಟ್ಜರ್ಲೆಂಡಿನ ವಾಯವ್ಯದ ಮೂಲೆಯಲ್ಲಿ, ಪಶ್ಚಿಮಾಭಿಮುಖವಾಗಿ ಬಂದ ರೈನ್ ನದಿಯು ಉತ್ತರಕ್ಕೆ ತಿರುಗುವ ತಾಣದಲ್ಲಿ ಬಾಸೆಲ್ ಪಟ್ಟಣವಿರುವುದು. ದಿಬ್ಬದ ಮೇಲೆ ಕೆಂಪು ಮರಳುಗಲ್ಲಿನ ಪುರಾತನವಾದ ಇಗರ್ಜಿ. ಕೆಳಗೆ, ಹೊಳೆಗೆ ಅಡ್ಡಲಾಗಿ ಬಿಗಿದ ತಂತಿಯನ್ನು ಆಶ್ರಯಿಸಿದ ದೋಣಿಗಳು ಯಂತ್ರದ ಹಂಗಿಲ್ಲದೆ ಪ್ರವಾಹದ ಬಲದಿಂದಲೇ ಆಚೆಯ ದಡವನ್ನು ಸೇರುವುವು. ಇದೇ ಊರಿನಿಂದ 1494ರಲ್ಲಿ ಯಾವ ದಡವನ್ನೂ ಸೇರದ ಹಡಗೊಂದು ಹೊರಟಿತು. ಅದು ‘ಮೂಢರ ಹಡಗು’ ಎಂಬ ಗ್ರಂಥ.

ಗ್ರಂಥಕರ್ತನಾದ ಸೆಬಾಸ್ಟಿಯನ್ ಬ್ರಾಂಟನು 1460ರಲ್ಲಿ ಸ್ಥಾಪಿತವಾದ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಾನೂನು ಬೋಧಕ. ಜರ್ಮನ್ ಭಾಷೆಯ ಪದ್ಯಗಳಲ್ಲಿ 112 ಅಧ್ಯಾಯಗಳು, ಅಧ್ಯಾಯಕ್ಕೊಂದು ಮೌಢ್ಯ, ಬಹುಪಾಲು ಎಲ್ಲಕ್ಕೂ ಒಂದೊಂದು ಚಿತ್ರ. ಅವುಗಳಲ್ಲಿ ಹೆಚ್ಚಿನವು ಆಗಿನ್ನೂ ತರುಣನಾಗಿದ್ದ ಆಲ್ಬ್ರೆಕ್ಟ್ ಡ್ಯೂರರನ ಕೈಕೆಲಸವೆಂದು ಕಲಾವಿಮರ್ಶಕರ ಅಭಿಪ್ರಾಯ.

ಈ ಚಿತ್ರಗಳ ರಚನಾಕ್ರಮವು ಸರಳವಾದುದು. ಮರದ ಹಲಗೆಯ ಮೇಲೆ ಚಿತ್ರವನ್ನು ಬರೆದು, ಗೆರೆಗಳನ್ನು ಮಾತ್ರ ಉಳಿಸಿ ಮಿಕ್ಕುದನ್ನು ಕೆತ್ತಿ ತೆಗೆಯುವರು. ಉಬ್ಬಿ ನಿಂತ ಗೆರೆಗೆ ಮಸಿ ಹತ್ತುವುದು. ಹಲಗೆಯ ಎತ್ತರವು ಅಚ್ಚುಮೊಳೆಗಳಿಗೆ ಸಮನಾದುದರಿಂದ ಪದ್ಯವೂ ಚಿತ್ರವೂ ಒಂದೇ ಒತ್ತಿನಲ್ಲಿ ಮೂಡುವುವು. ಹೀಗಾಗಿ ಅಕ್ಷರ ಬಾರದವನೂ ಪುಟವನ್ನು ನೋಡಿ ನಗಬಹುದಾಗಿತ್ತು.

ಮೂಢರ ಗುರುತು ಕತ್ತೆಯ ಕಿವಿಗಳೂ ಗೆಜ್ಜೆಗಳೂ ಉಳ್ಳ ಟೊಪ್ಪಿಗೆ. ಒಬ್ಬನ ಸುತ್ತ ಕಾಗೆಗಳು ‘ಕ್ರಾಸ್, ಕ್ರಾಸ್’ ಎಂದು ಕೂಗುತ್ತಿವೆ. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ ‘ನಾಳೆ’ ಎಂದರ್ಥ. ನಾಳೆ ಎಂದವನ ಮನೆ ಹಾಳು ಎಂಬ ನಮ್ಮ ಗಾದೆಯನ್ನು ಅಲ್ಲಿ ಕಾಗೆಯೇ ಹೇಳಿಬಿಟ್ಟಿದೆ! ಮತ್ತೊಂದರಲ್ಲಿ ಮೂಢನು ನ್ಯಾಯದೇವತೆಯ ಕಣ್ಣುಗಳಿಗೆ ಬಟ್ಟೆ ಕಟ್ಟುತ್ತಿರುವನು. ವ್ಯಾಜ್ಯಪ್ರಿಯರ ಮೇಲಿನ ಹಾಸ್ಯವಿದು. ಮುಂದೆ ಅದೇ ಪಟ್ಟಿಯು ನಿಷ್ಪಕ್ಷಪಾತದ ಚಿಹ್ನೆಯಾಗಿ ಗೌರವವನ್ನು ಪಡೆಯಿತು. 2024ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದಲ್ಲಿ ಅನಾವರಣಗೊಂಡ ಪ್ರತಿಮೆಯಾದರೋ ಕಣ್ತೆರೆದು ನಿಂತಿದೆ.

ಆದರೆ ಹಡಗನ್ನು ಮೊದಲು ಹತ್ತಿದವನು ಯಾರು? ಕುಡುಕನಲ್ಲ, ಜೂಜುಗಾರನಲ್ಲ, ವಿದ್ವಾಂಸ. ಮೂಗಿನ ಮೇಲೆ ಕನ್ನಡಕ, ಸುತ್ತಲೂ ಪುಸ್ತಕಗಳು; ಓದುವುದಿಲ್ಲ, ನೊಣಗಳನ್ನು ಮಾತ್ರ ಓಡಿಸುತ್ತಿರುವನು. ಗಂಧದ ಹೊರೆ ಹೊತ್ತ ಕತ್ತೆಯ ದೃಷ್ಟಾಂತವನ್ನು ಬಲ್ಲ ನಮಗೆ ಅವನ ತಲೆಯ ಮೇಲಿನ ಕಿವಿಗಳು ಹೊಸವಲ್ಲ. ಸ್ವತಃ ಪಂಡಿತನಾದ ಬ್ರಾಂಟನು ಆ ಅಧ್ಯಾಯವನ್ನು ‘ನಾನು’ ಎಂದೇ ಬರೆದನು. ಪರನಿಂದೆಗೂ ವಿಡಂಬನೆಗೂ ಇರುವ ಭೇದವೇ ಇದು. ಇತರರನ್ನು ಹಡಗಿಗೆ ತಳ್ಳಿ ತಾನು ದಡದಲ್ಲಿ ನಿಂತು ನಗುವವನ ಮಾತು ಯಾರಿಗೂ ನಾಟದು. ತಾನೇ ಮುಂದಾಗಿ ಹತ್ತಿದವನ ಮಾತಿಗೆ ಮನೆಯ ಮಕ್ಕಳೂ ಕಿವಿಗೊಡುವರು. ತನ್ನ ಮೌಢ್ಯವನ್ನು ಅರಿತವನು ಜಾಣತನದ ಹೊಸ್ತಿಲಲ್ಲಿರುವನೆಂಬುದೇ ಗ್ರಂಥದ ತಾತ್ಪರ್ಯ.

1497ರಲ್ಲಿ ಲ್ಯಾಟಿನ್ನಿಗೂ 1509ರಲ್ಲಿ ಇಂಗ್ಲಿಷಿಗೂ ಈ ಕೃತಿಯು ಪರಿವರ್ತಿತವಾಯಿತು. ಇದು ಮೊದಲು ಅಚ್ಚಾದುದು ಉಪವಾಸಪರ್ವಕ್ಕೆ ಹಿಂದಿನ ಉತ್ಸವಕಾಲದಲ್ಲಿ. ಇಂದಿಗೂ ಬಾಸೆಲಿನಲ್ಲಿ ಆ ಉತ್ಸವದ ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಬೀದಿದೀಪಗಳೆಲ್ಲ ಆರುವುವು. ಕತ್ತಲೆಯಲ್ಲಿ ತಮಟೆಯೂ ಕೊಳಲೂ ಮೊಳಗಲು, ಆ ವರ್ಷದ ಅವಿವೇಕಗಳನ್ನು ಚಿತ್ರಿಸಿದ ಮಹಾದೀಪಗಳನ್ನು ಪೌರರು ತಾವೇ ಹೊತ್ತು ನಡೆಯುವರು.