ಮುದ್ರೆಯೂ ನಂಬಿಕೆಯೂ

ಸಂಜೆ ಕಚೇರಿಯ ಬಾಗಿಲು ಹಾಕುವ ಹೊತ್ತು. ಗುಮಾಸ್ತರೊಬ್ಬರು ಗಣಕಯಂತ್ರವನ್ನು ನಿಲ್ಲಿಸಲು ಹೊರಟಾಗ ಪರದೆಯ ಮೂಲೆಯಲ್ಲಿ ಒಂದು ಸೂಚನೆ ಮೂಡುತ್ತದೆ: ನವೀಕರಣಗಳು ಬಂದಿವೆ, ಅಳವಡಿಸಲೆ? ನಾಳೆ ನೋಡೋಣವೆಂದು ಅವರು ಅದನ್ನು ಬದಿಗೆ ಸರಿಸುತ್ತಾರೆ. ಮರುದಿನವೂ ಹಾಗೆಯೇ. ಕೊನೆಗೊಮ್ಮೆ ಬೇಸತ್ತು ‘ಆಗಲಿ’ ಎಂದು ಒತ್ತಿದರೆ, ಅರ್ಥವಾಗದ ಹೆಸರುಗಳು ಸಾಲುಸಾಲಾಗಿ ಮೇಲೇರಿ ಮಾಯವಾಗುತ್ತವೆ. ಆ ಕೆಲವು ನಿಮಿಷಗಳಲ್ಲಿ ಏನು ನಡೆಯಿತು, ಯಾರನ್ನು ನಂಬಿ ನಡೆಯಿತು ಎಂದು ವಿಚಾರಿಸುವವರು ವಿರಳ.

ಆ ಯಂತ್ರದಲ್ಲಿರುವುದು ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯೆಂದು ಇಟ್ಟುಕೊಳ್ಳೋಣ. ೧೯೯೩ರ ಆಗಸ್ಟ್ ೧೬ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಅವರು ಇದರ ಆರಂಭವನ್ನು ಸಾರಿದರು. ಗೆಳತಿ ಡೆಬ್ರಾ ಅವರ ಹೆಸರಿನ ಮೊದಲ ಭಾಗಕ್ಕೆ ತಮ್ಮ ಹೆಸರನ್ನು ಕೂಡಿಸಿ ಅದಕ್ಕೆ ನಾಮಕರಣ ಮಾಡಿದರು. ಇದಕ್ಕೆ ಒಡೆಯನಾದ ಕಂಪೆನಿಯಿಲ್ಲ. ಲೋಕದ ನಾನಾ ಮೂಲೆಗಳ ಸ್ವಯಂಸೇವಕರೇ ಇದನ್ನು ನಡೆಸಿಕೊಂಡು ಬಂದಿದ್ದಾರೆ. ೨೦೨೩ರಲ್ಲಿ ಹೊರಬಂದ ಹನ್ನೆರಡನೆಯ ಆವೃತ್ತಿಯಲ್ಲಿ ೬೪,೦೦೦ಕ್ಕೂ ಮಿಕ್ಕಿದ ಪ್ಯಾಕೇಜುಗಳಿದ್ದವು.

ಪ್ಯಾಕೇಜೆಂದರೆ ಒಂದು ಕಟ್ಟು. ತಂತ್ರಾಂಶದ ಕಡತಗಳು ಅದರ ಒಂದು ಭಾಗ. ಹೆಸರು, ಆವೃತ್ತಿಯ ಸಂಖ್ಯೆ, ತನಗೆ ಬೇಕಾದ ಇತರ ಪ್ಯಾಕೇಜುಗಳ ಪಟ್ಟಿ ಇವೆಲ್ಲ ಇನ್ನೊಂದು ಭಾಗ. ಒಂದಕ್ಕೊಂದು ಆಶ್ರಯವಾಗಿರುವ ಈ ಸಂಬಂಧ ಸೋಜಿಗದ್ದು. ಕನ್ನಡ ಅಕ್ಷರಗಳಿಗೆಂದೇ ಇರುವ ಒಂದು ಪ್ಯಾಕೇಜಿನೊಳಗೆ ಅಕ್ಷರ ಹುಡುಕಿದರೆ ಸಿಗುವುದಿಲ್ಲ. ಗುಬ್ಬಿ, ನವಿಲು ಮುಂತಾದ ಅಕ್ಷರವಿನ್ಯಾಸಗಳನ್ನು ಕರೆತರಬೇಕೆಂಬ ಸೂಚನೆಯಷ್ಟೇ ಅದರ ಸರ್ವಸ್ವ!

ಗುಮಾಸ್ತರು ಒಪ್ಪಿಗೆಯಿತ್ತೊಡನೆ ಯಂತ್ರವು ಮೊದಲು ತರಿಸುವುದು ತಂತ್ರಾಂಶವನ್ನಲ್ಲ, ಪಟ್ಟಿಯನ್ನು. ತನ್ನಲ್ಲಿರುವ ಸಂಖ್ಯೆಗಳನ್ನು ಪಟ್ಟಿಯ ಸಂಖ್ಯೆಗಳೊಡನೆ ಹೋಲಿಸಿ, ದೊಡ್ಡದಿದ್ದುದನ್ನು ಹೊಸದೆಂದು ತಿಳಿಯುತ್ತದೆ. ಇಲ್ಲಿ ೧.೯ಕ್ಕಿಂತ ೧.೧೦ ದೊಡ್ಡದು. ದಶಾಂಶ ಕಲಿತ ಬಾಲಕನಿಗೆ ಇದು ತಪ್ಪೆಂದೇ ತೋರೀತು; ಆದರೆ ಚುಕ್ಕೆಯ ಆಚೀಚಿನ ಅಂಕಿಗಳನ್ನು ಯಂತ್ರ ಬೇರೆ ಬೇರೆಯಾಗಿಯೇ ಎಣಿಸುತ್ತದೆ. ಬಳಿಕ ಯಾವುದಕ್ಕೆ ಯಾವುದು ಬೇಕು, ಯಾವುದರೊಡನೆ ಯಾವುದು ಹೊಂದದು ಎಂಬ ಜಟಿಲ ಲೆಕ್ಕವನ್ನು ಬಿಡಿಸಿಕೊಂಡು, ಬೇಕಾದ ಕಟ್ಟುಗಳನ್ನು ಇಳಿಸಿಕೊಳ್ಳುತ್ತದೆ.

ಕಟ್ಟು ಬಿಚ್ಚುವ ರೀತಿ ಬಹು ಎಚ್ಚರಿಕೆಯದು. ಹೊಸ ಕಡತವನ್ನು ಹಳೆಯದರ ಮೇಲೆಯೇ ಬರೆಯುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಹೆಸರಿನಿಂದ ಪೂರ್ತಿಯಾಗಿ ಬರೆದು, ಅನಂತರ ಒಂದೇ ಕ್ಷಣದಲ್ಲಿ ಹೆಸರು ಬದಲಿಸುತ್ತದೆ. ನಡುವೆ ವಿದ್ಯುತ್ತು ಕೈಕೊಟ್ಟರೂ ಅಲ್ಲಿರುವುದು ಹಳೆಯ ಕಡತ, ಇಲ್ಲವೆ ಹೊಸ ಕಡತ. ಅರೆಬರೆಯಾದುದು ಇರಬಾರದೆಂಬುದೇ ಉದ್ದೇಶ. ಯಾವ ಪ್ಯಾಕೇಜು ಯಾವ ಹಂತದಲ್ಲಿ ನಿಂತಿತೆಂಬುದು ದಾಖಲೆಯಲ್ಲಿರುವುದರಿಂದ, ದೀಪ ಬಂದ ಮೇಲೆ ಉಳಿದ ಕೆಲಸವನ್ನು ಮುಂದುವರಿಸಬಹುದು. ಇನ್ನೊಂದು ವಿಚಿತ್ರವಿದೆ. ಆಗಲೇ ಓಡುತ್ತಿರುವ ತಂತ್ರಾಂಶವು ಹೆಸರು ಕಳೆದುಕೊಂಡ ಹಳೆಯ ಕಡತವನ್ನೇ ಹಿಡಿದುಕೊಂಡಿರುತ್ತದೆ; ತಾನು ನಿಲ್ಲುವವರೆಗೂ ಬಿಡುವುದಿಲ್ಲ. ನವೀಕರಣ ಮುಗಿದರೂ ಯಂತ್ರವನ್ನು ಮತ್ತೆ ಆರಂಭಿಸಿರೆಂದು ಕೇಳುವುದು ಎಷ್ಟೋ ವೇಳೆ ಇದಕ್ಕಾಗಿ. ಬಳಕೆದಾರರು ಸ್ವತಃ ತಿದ್ದಿಕೊಂಡ ಹೊಂದಾಣಿಕೆಯ ಕಡತ ಎದುರಾದರೆ, ನಿಮ್ಮದನ್ನೇ ಉಳಿಸಲೆ, ಹೊಸದನ್ನು ತರಲೆ ಎಂದು ನಿಂತು ಕೇಳುತ್ತದೆ. ಈ ವಿನಯ ಹಣ ಕೊಟ್ಟು ಕೊಂಡ ಎಷ್ಟೋ ತಂತ್ರಾಂಶಗಳಲ್ಲಿ ಕಾಣಸಿಗದು.

ಕಟ್ಟು ದಾರಿಯಲ್ಲಿ ಬದಲಾಗಲಿಲ್ಲವೆಂದು ತಿಳಿಯುವುದು ಹೇಗೆ? ಪ್ರತಿ ಕಡತದಿಂದಲೂ ಗಣಿತದ ಮೂಲಕ ಅರವತ್ತನಾಲ್ಕು ಅಕ್ಷರಾಂಕಿಗಳ ಒಂದು ಗುರುತನ್ನು ತೆಗೆಯಬಹುದು. ಕಡತದ ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗುತ್ತದೆ. ಕಟ್ಟುಗಳ ಗುರುತು ಪಟ್ಟಿಯಲ್ಲಿದೆ, ಪಟ್ಟಿಯ ಗುರುತು ಇನ್ನೊಂದು ಪತ್ರದಲ್ಲಿದೆ, ಆ ಪತ್ರದ ಮೇಲೆ ಡೆಬಿಯನ್ನಿನವರ ಗೂಢಲಿಪಿಯ ಸಹಿಯಿದೆ. ಸಹಿಯನ್ನು ಪರೀಕ್ಷಿಸುವ ಕೀಲಿ ಗುಮಾಸ್ತರ ಯಂತ್ರದಲ್ಲಿ ಮೊದಲಿನಿಂದಲೇ ಇರುತ್ತದೆ. ಆದ್ದರಿಂದ ಕಟ್ಟು ಯಾವ ದೇಶದ ಸರ್ವರಿನಿಂದ ಬಂದರೂ ಚಿಂತೆಯಿಲ್ಲ. ಆದರೆ ಮುದ್ರೆಯು ಸಾಕ್ಷಿ ಹೇಳುವುದು ಕಳುಹಿಸಿದವರಾರೆಂಬುದಕ್ಕೆ. ಒಳಗಿರುವುದು ಹಾಲೋ ವಿಷವೋ ಎಂಬುದಕ್ಕಲ್ಲ.

ಇದು ೨೦೨೪ರ ಮಾರ್ಚಿನಲ್ಲಿ ಎಲ್ಲರಿಗೂ ಅರಿವಾಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ದಣಿದಿದ್ದ ಅವರಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬ ನೆರವಿಗೆ ಬಂದನು. ಎರಡು ವರ್ಷಕ್ಕೂ ಮೀರಿ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಹೊಸ ಆವೃತ್ತಿ ಹೊರತರುವ ಅಧಿಕಾರವನ್ನೂ ಪಡೆದನು. ಬಳಿಕ ಪರೀಕ್ಷೆಯ ಕಡತಗಳಲ್ಲಿ ಕೇಡನ್ನು ಅಡಗಿಸಿ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಸೇರಿಸಿದನು. ದೂರದಿಂದ ಯಂತ್ರವನ್ನು ಪ್ರವೇಶಿಸುವ ಬಾಗಿಲಿಗೆ ಅದೊಂದು ಕಳ್ಳಕೀಲಿ. ಆ ಆವೃತ್ತಿಗಳು ಡೆಬಿಯನ್ನಿನ ಪರೀಕ್ಷಾ ಶಾಖೆಗಳನ್ನು ತಲುಪಿದವು. ಸಹಿಗಳೆಲ್ಲ ಸರಿಯಾಗಿದ್ದವು, ಗುರುತುಗಳೆಲ್ಲ ಹೊಂದಿದವು. ಯಾವ ಯಂತ್ರವೂ ತಕರಾರೆತ್ತಲಿಲ್ಲ.

ತಕರಾರೆತ್ತಿದವರು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರು. ಅವರು ಹುಡುಕುತ್ತಿದ್ದುದು ಕಳ್ಳನನ್ನಲ್ಲ. ಬೇರೊಂದು ತಂತ್ರಾಂಶದ ವೇಗವನ್ನು ಅಳೆಯುತ್ತಿದ್ದರು. ಯಂತ್ರದ ಪ್ರವೇಶಕ್ಕೆ ಮೊದಲಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದು ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಇರಲಿ ಬಿಡೆನ್ನುತ್ತಿದ್ದರೇನೊ. ಅವರು ಬಿಡದೆ ಕೆದಕುತ್ತ ಹೋಗಿ, ಮಾರ್ಚ್ ೨೯ರಂದು ವಿಷಯವನ್ನು ಬಹಿರಂಗಪಡಿಸಿದರು. ಡೆಬಿಯನ್ನಿನ ಸ್ಥಿರ ಆವೃತ್ತಿಯಲ್ಲಿ ಹಳೆಯ ಎಕ್ಸ್‌ಝಡ್ ಇದ್ದುದರಿಂದ, ಅದನ್ನು ಬಳಸುತ್ತಿದ್ದವರು ಅಪಾಯದಿಂದ ಪಾರಾದರು. ಹೊಸತಿಗೆ ಆತುರಪಡದ ಡೆಬಿಯನ್ನಿನ ಪದ್ಧತಿಯನ್ನು ಹಳೆಯದೆಂದು ಹಂಗಿಸುವವರಿಗೆ ಅಂದು ಉತ್ತರ ದೊರೆಯಿತು.

ಪರೀಕ್ಷಾ ಶಾಖೆಗಳನ್ನು ಬಳಸುತ್ತಿದ್ದವರನ್ನು ಹಿಂದಕ್ಕೆ ಕರೆತರುವುದು ಉಳಿದಿತ್ತು. ಒಳ್ಳೆಯ ಹಳೆಯ ಆವೃತ್ತಿ ೫.೪.೫. ಆದರೆ ಸಣ್ಣ ಸಂಖ್ಯೆಯನ್ನು ಯಂತ್ರ ಹೊಸದೆಂದು ನಂಬುವುದಿಲ್ಲ, ೫.೬.೧ ಇದ್ದಲ್ಲಿ ೫.೪.೫ ತಾನಾಗಿ ಬಂದು ಕೂರದು. ಅದಕ್ಕಾಗಿ ಸ್ವಯಂಸೇವಕರು ಹಳೆಯ ತಂತ್ರಾಂಶಕ್ಕೆ ಹೊಸ ಸಂಖ್ಯೆಯ ಅಂಗಿ ತೊಡಿಸಿ, ಪಟ್ಟಿಯಲ್ಲಿ ಹೀಗೆ ಬರೆದರು: ‘೫.೬.೧+ರಿಯಲಿ೫.೪.೫’. ಹೆಸರಿಗೆ ೫.೬.೧, ನಿಜವಾಗಿ ೫.೪.೫. ಯಂತ್ರಗಳು ಸಂಖ್ಯೆಯನ್ನು ನೋಡಿದವು, ದೊಡ್ಡದೆಂದು ಒಪ್ಪಿದವು, ಸಹಿ ಪರೀಕ್ಷಿಸಿ ಕಟ್ಟು ಬಿಚ್ಚಿದವು. ಪರದೆಗಳ ಮೇಲೆ ಆ ವಿಚಿತ್ರ ಹೆಸರು ಒಮ್ಮೆ ಮೇಲೇರಿ ಮರೆಯಾಯಿತು.