ಅಬ್ಬಾರ ಕಾರಿನ ಬಂಪರ್

ಅಂಬಾಸಿಡರ್ ಕಾರಿಗೆ ಫಿಯಾಟಿನ ಬಂಪರ್ ಕೂರುವುದಿಲ್ಲ. ಯಾವ ಮೆಕ್ಯಾನಿಕನನ್ನು ಕೇಳಿದರೂ ಹೀಗೇ ಹೇಳುತ್ತಾನೆ. ಆದರೆ ನಮ್ಮ ಅಬ್ಬಾರ ಕಾರಿನಲ್ಲಿ ಅದು 1996ರಿಂದ ಕೂತಿದೆ.

ಅಬ್ಬಾ ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಸರ್ವಿಸ್ ಕಾರು ಓಡಿಸುತ್ತಿದ್ದರು. ಈಗಿನ ಮಕ್ಕಳಿಗೆ ಸರ್ವಿಸ್ ಕಾರು ಎಂದರೆ ವಿವರಿಸಿಯೇ ಹೇಳಬೇಕು. ಐದು ಜನರ ಕಾರಿನಲ್ಲಿ ಹತ್ತು ಜನ, ಡ್ರೈವರನ ಬಲಬದಿಗೂ ಒಬ್ಬ. ಧರ್ಮಸ್ಥಳಕ್ಕೆ ಹೊರಟವರು, ಬಸದಿಗೆ ಹೋಗುವವರು, ಬ್ರಾಂಚಿಗೆ ಬೀಡಿ ಕೊಡಲು ಹೊರಟ ಹೆಂಗಸರು. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ಮಗು.

ಆ ವರ್ಷದ ಮಳೆಗಾಲದಲ್ಲಿ ವೇಣೂರಿನ ಹತ್ತಿರ ಶಾಲೆಯ ಹುಡುಗನೊಬ್ಬ ಹಾರಿಹೋದ ಕೊಡೆಯ ಹಿಂದೆ ರಸ್ತೆಗೆ ಓಡಿ ಬಂದ. ಅಬ್ಬಾ ಕಾರನ್ನು ಬದಿಯ ಮುರಕಲ್ಲಿನ ಗೋಡೆಗೆ ತಿರುಗಿಸಿದರು. ಹುಡುಗನಿಗೆ ಏನೂ ಆಗಲಿಲ್ಲ. ಬಂಪರ್ ಮಾತ್ರ ನಡುವಿಗೇ ಮುರಿಯಿತು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಎದುರಿನಲ್ಲಿ ಕ್ರೋಮಿಯಂ ಹೊಳೆಯುತ್ತಿದ್ದರೂ ಹಿಂಬದಿಯಲ್ಲಿ ನಿಂತ ಕೆಸರು ಕಬ್ಬಿಣವನ್ನು ತಿಂದು ಹಾಕಿತ್ತು.

ಅಕ್ಕನ ನಿಖಾಹ್ ನಿಶ್ಚಯವಾಗಿದ್ದ ದಿನಗಳವು. ಹೊಸ ಬಂಪರಿನ ಮಾತೇ ಇರಲಿಲ್ಲ. ಅಬ್ಬಾ ಸಿದ್ದಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋಗಿ ಗುಜರಿಯಲ್ಲಿ ಸಿಕ್ಕಿದ್ದನ್ನು ತಂದರು. ಅದು ಪ್ರೀಮಿಯರ್ ಪದ್ಮಿನಿಯದು, ಜನರ ಬಾಯಲ್ಲಿ ಫಿಯಾಟ್. ಅಂಬಾಸಿಡರಿನ ಅಗಲ ಸುಮಾರು 166 ಸೆಂ.ಮೀ., ಪದ್ಮಿನಿಯದು 146. ಬಂಪರ್ ಒಂದು ಗೇಣು ಸಾಲದು, ಬಾಗೂ ಬೇರೆ, ತೂತುಗಳೂ ಸೇರುವುದಿಲ್ಲ. ವೆಲ್ಡಿಂಗಿನವರು ಎರಡು ಕಬ್ಬಿಣದ ಪಟ್ಟಿ ಕತ್ತರಿಸಿ, ಬಗ್ಗಿಸಿ, ಹೊಸ ತೂತು ಕೊರೆದು ಚಾಸಿಗೆ ಬೋಲ್ಟ್ ಬಿಗಿದರು. ಗಡಗಡ ಸದ್ದು ಬರಬಾರದೆಂದು ನಡುವೆ ಹಳೆ ಟಯರಿನ ತುಂಡು ಇಟ್ಟರು. ಮೂಲೆಗಳೆರಡೂ ಬೋಳಾಗಿಯೇ ಉಳಿದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಉತ್ತರಪಾರಾದಲ್ಲಿ ಅಂಬಾಸಿಡರ್ ಆಗಿ, ಇಟಲಿಯ ಫಿಯಾಟ್ 1100 ಮುಂಬೈಯ ಕುರ್ಲಾದಲ್ಲಿ ಪದ್ಮಿನಿಯಾಗಿ, ಕೊನೆಗೆ ಎರಡೂ ನೇತ್ರಾವತಿಯ ದಡದಲ್ಲಿ ಸಂಬಂಧ ಬೆಳೆಸಿದವು!

ಸ್ಟ್ಯಾಂಡಿನಲ್ಲಿ ನಗೆಯೋ ನಗೆ. "ಮುಖ ನೋಡಿ ಯಾರು ಹತ್ತುತ್ತಾರೆ ಮಾರಾಯ, ಹೊತ್ತಿಗೆ ಮುಟ್ಟಿಸುತ್ತೇನೋ ಅಂತ ನೋಡುತ್ತಾರೆ" ಎನ್ನುತ್ತಿದ್ದರು ಅಬ್ಬಾ. ನಾವು ಮಕ್ಕಳಿಗೆ ಆ ಧೈರ್ಯ ಇರಲಿಲ್ಲ. ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲು ಸೇರಿದ್ದೆವು. ಗೇಟಿಗಿಂತ ಒಂದು ತಿರುವು ಮೊದಲೇ "ಇಲ್ಲೇ ಇಳಿಸಿ ಅಬ್ಬಾ" ಎನ್ನುತ್ತಿದ್ದೆವು. ಯಾಕೆಂದು ಅವರು ಒಮ್ಮೆಯೂ ಕೇಳಲಿಲ್ಲ. ಕೆಲವು ದಿನಗಳ ನಂತರ, ನಾವು ಹೇಳುವ ಮೊದಲೇ ಅಲ್ಲಿ ಬ್ರೇಕ್ ಹಾಕತೊಡಗಿದರು.

ಅಬ್ಬಾ 2011ರಲ್ಲಿ ತೀರಿಕೊಂಡರು. ಕಾರು ಶೆಡ್ಡಿನಲ್ಲಿ ನಿಂತಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. 2022ರ ಏಪ್ರಿಲ್‌ನಲ್ಲಿ ಹಳೆ ಕಾರುಗಳ ರಿಜಿಸ್ಟ್ರೇಷನ್ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದಾಗ ಗುಜರಿಗೆ ಕೊಡೋಣವೇ ಎಂಬ ಮಾತೂ ಬಂತು. ಅಮ್ಮಿ ಒಪ್ಪಲಿಲ್ಲ. ಹಾಗಾದರೆ ಸರಿಯಾಗಿಯೇ ರಿಪೇರಿ ಮಾಡಿಸೋಣ ಎಂದೆವು. ಧರ್ಮಸ್ಥಳದ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾರುಗಳು ಮದುಮಕ್ಕಳ ಹಾಗೆ ನಿಂತಿರುವುದನ್ನು ನೋಡಿ ಬಂದ ಮೇಲಂತೂ ತಮ್ಮನಿಗೆ ಹುಚ್ಚೇ ಹಿಡಿಯಿತು. ಎಲ್ಲೆಲ್ಲೋ ಹುಡುಕಿ ಅಂಬಾಸಿಡರಿನ ಒರಿಜಿನಲ್ ಬಂಪರ್ ತರಿಸಿದ.

ಟಿಂಕರಿಂಗಿನವನು ಹಳೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದಾಗ ಅಮ್ಮಿ ಜಗಲಿಯಿಂದಲೇ ಕೇಳಿದರು: "ನಿಮ್ಮಕ್ಕನನ್ನು ಗಂಡನ ಮನೆಗೆ ಬಿಟ್ಟು ಬಂದದ್ದು ಯಾವ ಬಂಪರಿನ ಕಾರು ಮಕ್ಕಳೇ?"

ನಾವು ಮುಖ ಮುಖ ನೋಡಿಕೊಂಡೆವು. ಉರ್ದುವಿನಲ್ಲಿ ಪೈವಂದ್ ಎಂಬ ಮಾತಿದೆ. ಹರಿದ ಬಟ್ಟೆಗೆ ಹಾಕುವ ತೇಪೆಯೂ ಅದೇ, ಗಿಡಕ್ಕೆ ಕಟ್ಟುವ ಕಸಿಯೂ ಅದೇ. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ. ಅಂದು ತಿರುವಿನಲ್ಲಿ ಇಳಿದು ನಡೆದ ನಾವು ಕಂಡದ್ದು ತೇಪೆಯನ್ನು ಮಾತ್ರ. ಅದನ್ನೀಗ ಬಿಚ್ಚಿಸಿದರೆ ಅಬ್ಬಾರಿಗೆ ಇನ್ನೊಮ್ಮೆ "ಇಲ್ಲೇ ಇಳಿಸಿ" ಎಂದಂತೆ ಅನ್ನಿಸಿತು.

ಹಳೆಯ ಬೋಲ್ಟುಗಳ ಬದಲಿಗೆ ಹೊಸದು ಹಾಕಿಸಿ, ಟಯರಿನ ಬೇರೆ ತುಂಡು ಕತ್ತರಿಸಿ ಇಡಿಸಿ ಕಾರನ್ನು ಮನೆಗೆ ತಂದೆವು. ಒರಿಜಿನಲ್ ಬಂಪರ್ ಗೋಣಿ ಸುತ್ತಿಕೊಂಡು ಅಟ್ಟದ ಮೇಲಿದೆ. ತಮ್ಮನಿಗೆ ಇನ್ನೂ ಸಮಾಧಾನವಿಲ್ಲ. ದುಬೈಯಿಂದ ರಜೆಗೆ ಬಂದಾಗಲೆಲ್ಲ ಅಟ್ಟ ಹತ್ತಿ, ಅದಕ್ಕೆ ಎಣ್ಣೆ ಸವರಿ ಇಳಿಯುತ್ತಾನೆ.